ಒಂದೇ ರೂಮು, ಒಂದೇ ಬಾಡಿಗೆ, ಅವಳಿಗೆ ಮಾತ್ರ ಯಾಕೆ ಹಿಂಗಾಯ್ತು?

ಪ್ರಶ್ನೆ: ನಮಸ್ತೆ ಡಾಕ್ಟ್ರ್ ಮೇಡಂ. ನಾವು ಕೋಲಾರ ತಾಲೂಕು ವೇಮಗಲ್ ಹತ್ರ ಇರೋದು. ಇಂಡಸ್ಟ್ರಿಯಲ್ ಏರಿಯಾ ಬಂದ್ಮೇಲೆ ಆರು ಶೀಟ್ ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದೀವಿ. ಅದ್ರಲ್ಲಿ ಒಂದ್ರಲ್ಲಿ ಯಾದಗಿರಿ ಕಡೆಯ ಗಂಡ ಹೆಂಡ್ತಿ ಇದಾರೆ, ಬಂದು ಎರಡು ವರ್ಷ ಆಯ್ತು. ಅವನು ಕಾಂಟ್ರಾಕ್ಟ್ ಮೇಲೆ ಕಂಪನಿಗೆ ಹೋಗ್ತಾನೆ. ಅವಳಿಗೆ ಐದು ತಿಂಗಳ ಹಿಂದೆ ಎರಡನೇ ಹೆಣ್ಮಗು ಆಯ್ತು, ಆವಾಗಿಂದ ಸುಮ್‌ಸುಮ್ನೆ ಅಳ್ತಾಳೆ, ತಲೆನೋವು, ಎದೆ ಡವಡವ, ಕೈಕಾಲು ಸೆಳೆತ ಅಂತಾಳೆ, ಅಡುಗೆ ಸರಿಯಾಗಿ ಮಾಡಲ್ಲ, ಮಗು ಅತ್ರೂ ಒಂದೊಂದ್ಸಲ ಎದ್ದೇಳಲ್ಲ. ಕ್ಲಿನಿಕ್ಕಲ್ಲಿ ಎರಡು ಸಲ ಗ್ಲೂಕೋಸ್ ಹಾಕ್ಸಿದ್ರು, ತಾಯತ ಕಟ್ಟಿಸಿದ್ರು, ಏನೂ ಆಗ್ಲಿಲ್ಲ. ಗಂಡ ಚೆನ್ನಾಗೇ ಇದಾನೆ, ಡ್ಯೂಟಿಗೆ ಹೋಗ್ತಾನೆ ಬರ್ತಾನೆ, ಸಂಜೆ ಕುಡೀತಾನೆ, ಈಗೀಗ ಸ್ವಲ್ಪ ಜಾಸ್ತಿ ಅಷ್ಟೆ. ಇಬ್ರೂ ಊರು ಬಿಟ್ಟು ಬಂದೋರೇ, ಅದೇ ರೂಮು ಅದೇ ಊಟ, ಅವಳಿಗೆ ಮಾತ್ರ ಯಾಕೆ ಹಿಂಗೆ? ಹೆಂಗಸರ ಮನಸ್ಸೇ ವೀಕಾ? ನಾನೂ ಚಿಂತಾಮಣಿ ಕಡೆಯಿಂದ ಮದುವೆಯಾಗಿ ಬಂದು 22 ವರ್ಷ ಆಯ್ತು, ನನಗೇನೂ ಆಗ್ಲಿಲ್ವಲ್ಲ. ಅವಳಮ್ಮ ಬಾಣಂತನಕ್ಕೆ ಬಂದಿದ್ರು, ನೀರಿನ ವಿಷಯಕ್ಕೆ ನಾನೇ ಒಂದು ಮಾತು ಅಂದ್ಬಿಟ್ಟೆ, ಹನ್ನೆರಡನೇ ದಿನಕ್ಕೆ ಹೊರಟೋದ್ರು. ನಮ್ಮನೆಯವರು ಮನೆ ಖಾಲಿ ಮಾಡ್ಸು, ನಾಳೆ ಏನಾದ್ರೂ ಆದ್ರೆ ನಮ್ ತಲೆಗೆ ಬರತ್ತೆ ಅಂತಾರೆ. ಏನ್ ಮಾಡ್ಲಿ?

ಉತ್ತರ: ಅಕ್ಕಾ, ಮನೆ ಖಾಲಿ ಮಾಡಿಸ್ಬೇಡಿ. ಮಿಕ್ಕಿದ್ದು ಆಮೇಲೆ, ಮೊದಲು ಅರ್ಜೆಂಟ್ ಇರೋದು ಹೇಳ್ಬಿಡ್ತೀನಿ. ಅವಳು ಸಾಯೋ ಮಾತಾಡಿದ್ರೆ, ಮಗುಗೆ ಏನಾದ್ರೂ ಮಾಡ್ಬಿಡ್ತೀನೇನೋ ಅಂತ ಭಯ ಆಗತ್ತೆ ಅಂದ್ರೆ, ಎರಡು ಮೂರು ರಾತ್ರಿ ಕಣ್ಣೇ ಮುಚ್ದೆ ಇದ್ರೆ, ಸಂಬಂಧ ಇಲ್ದಿರೋ ಮಾತು ಶುರು ಮಾಡಿದ್ರೆ, ಯಾರೋ ಕರೀತಿದಾರೆ ಅಂತ ಕಿವಿಕೊಟ್ಟು ಕೂತ್ರೆ, ನಾಳೆ ನಾಡಿದ್ದು ಅನ್ಬೇಡಿ. ಅವತ್ತೇ ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಗೆ ಕರ್ಕೊಂಡು ಹೋಗಿ, ಒಬ್ಬಳನ್ನೇ ಬಿಡ್ಬೇಡಿ, ಮಗುನ ಅವಳ ಜೊತೆ ಒಂಟಿಯಾಗಿ ಬಿಡ್ಬೇಡಿ. ರಾತ್ರಿ ಹೊತ್ತು ಏನ್ ಮಾಡ್ಬೇಕು ಅಂತ ತೋಚ್ದೆ ಇದ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮನಸ್, 2022ರಿಂದ ಇದೆ, ದುಡ್ಡು ಕಟ್ಟಾಗಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಅಷ್ಟು ಕೈ ಮೀರಿಲ್ಲ ಅಂದ್ರೂ, ನೀವು ಬರ್ದಿರೋದು ಓದಿದ್ರೆ ನನಗೆ ಅನ್ಸೋದು ಇದು ಬಾಣಂತಿ ಖಿನ್ನತೆ ಅಂತ. ಡಿಪ್ರೆಶನ್. ಕಣ್ಣಲ್ಲಿ ನೋಡ್ದೆ ಖಡಾಖಂಡಿತವಾಗಿ ಹೇಳೋಕಾಗಲ್ಲ, ಹೆರಿಗೆ ಆದ್ಮೇಲೆ ಥೈರಾಯ್ಡ್ ಏರುಪೇರಾದ್ರೂ ರಕ್ತ ಕಮ್ಮಿ ಇದ್ರೂ ಹಿಂಗೇ ಸುಸ್ತು ಎದೆ ಡವಡವ ಬರತ್ತೆ, ಅದಕ್ಕೇ ಒಂದ್ಸಲ ಟೆಸ್ಟ್ ಮಾಡಿಸ್ಲೇಬೇಕು. ಗ್ಲೂಕೋಸಿಂದ ಏನೂ ಆಗಲ್ಲ ಅಕ್ಕಾ. ನಮ್ ಕಡೆ ಅದೊಂದು ಅಭ್ಯಾಸ ಆಗೋಗಿದೆ, ಹೆಂಗಸು ಸುಸ್ತು ಅಂದ್ಲಾ, ಒಂದು ಬಾಟ್ಲಿ ಏರಿಸು, ಒಂದು ಬಲದ ಇಂಜೆಕ್ಷನ್ ಹಾಕು, ಕಳ್ಸು.

ಈಗ ನಿಮ್ಮ ದೊಡ್ಡ ಪ್ರಶ್ನೆ, ಹೆಂಗಸರ ಮನಸ್ಸು ವೀಕಾ ಅನ್ನೋದು. ಗಂಡನಿಗೇನೂ ಆಗಿಲ್ಲ ಅಂತ ಬರ್ದಿದೀರಲ್ಲ, ನಾನು ಅಲ್ಲಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಅದೇ ಸಾಲಲ್ಲಿ "ಈಗೀಗ ಸ್ವಲ್ಪ ಜಾಸ್ತಿ ಕುಡೀತಾನೆ" ಅಂತಾನೂ ಬರ್ದಿದೀರ. ಅವಳು ಅತ್ರೆ ಖಾಯಿಲೆ, ಅವನು ಕುಡುದ್ರೆ ಗಂಡಸರ ಅಭ್ಯಾಸ, ಹಿಂಗೆ ನಾವು ಲೆಕ್ಕ ಹಾಕೋದು. ನಿಮ್ಹಾನ್ಸ್‌ನೋರು 2015-16ರಲ್ಲಿ 12 ರಾಜ್ಯದಲ್ಲಿ ದೊಡ್ಡ ಮಾನಸಿಕ ಆರೋಗ್ಯ ಸರ್ವೆ ಮಾಡಿದ್ರು, ಅದ್ರಲ್ಲಿ ಎಲ್ಲಾ ತೊಂದ್ರೆನೂ ಸೇರಿಸಿ ನೋಡಿದಾಗ ಗಂಡಸರಲ್ಲಿ ಶೇಕಡ 13.9, ಹೆಂಗಸರಲ್ಲಿ 7.5 ಬಂತು, ಕುಡಿತದ ಖಾಯಿಲೆನೂ ಆ ಲೆಕ್ಕಕ್ಕೆ ಸೇರಿದ್ರಿಂದ ಗಂಡಸರದ್ದೇ ಮೇಲಾಯ್ತು. ಡಿಪ್ರೆಶನ್ ಒಂದನ್ನೇ ತಗೊಂಡ್ರೆ ಹೆಂಗಸರಲ್ಲಿ ಜಾಸ್ತಿ, ಪ್ರಪಂಚದ ಲೆಕ್ಕದಲ್ಲಿ ಗಂಡಸರಿಗಿಂತ ಸುಮಾರು ಒಂದೂವರೆ ಪಟ್ಟು. ಇನ್ನು 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡ್ಕೊಂಡಿರೋ 1,70,924 ಜನದಲ್ಲಿ ನೂರಕ್ಕೆ 72ರಷ್ಟು ಗಂಡಸರು, ಒಟ್ಟು ಲೆಕ್ಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ದಿನಗೂಲಿ ಮಾಡೋರು. ಯಾರ ಮನಸ್ಸು ವೀಕು ಅಂತ ಇದ್ರಲ್ಲಿ ಹೇಳ್ತೀರ? ಒಬ್ಬರದ್ದು ಕಣ್ಣೀರಾಗಿ ಕಾಣತ್ತೆ, ಇನ್ನೊಬ್ಬರದ್ದು ಬಾಟ್ಲೀಲಿ ಮುಚ್ಚೋಗತ್ತೆ. ಆ ಹುಡುಗನ್ನೂ ನಾನು ನೋಡ್ಬೇಕು ಅಂತೀನಿ, ಅದಕ್ಕೆ ಆಮೇಲೆ ಬರ್ತೀನಿ.

ಇಬ್ರೂ ಒಂದೇ ರೂಮಿಗೆ ಬಂದಿದಾರೆ ನಿಜ, ಆದ್ರೆ ಒಂದೇ ಊರಿಗೆ ಬಂದಿಲ್ಲ. ಅವನು ಬಂದಿರೋದು ಒಂದು ಕಂಪನಿಗೆ, ಅಲ್ಲಿ ಅವನ ಕಡೆಯ ಹುಡುಗರು ಇನ್ನೂ ನಾಲ್ಕು ಜನ ಇರ್ತಾರೆ, ಬಸ್ಸಲ್ಲಿ ಹರಟೆ, ಗೇಟ್ ಮುಂದೆ ಟೀ, ತಿಂಗಳಿಗೊಂದು ಸಲ ಅಕೌಂಟಿಗೆ ದುಡ್ಡು. ಅವಳು ಬಂದಿರೋದು ನಿಮ್ಮ ಹತ್ತಡಿ ಹನ್ನೆರಡಡಿ ಶೀಟ್ ಮನೆಗೆ. ಮಾರ್ಚ್ ಏಪ್ರಿಲಲ್ಲಿ ಆ ಶೀಟ್ ಕೆಳಗೆ ಮಧ್ಯಾಹ್ನ ಒಂದು ಗಂಟೆಗೆ ಮಗು ಎತ್ಕೊಂಡು ಕೂತು ನೋಡಿ, ನಿಮಗೇ ಗೊತ್ತಾಗತ್ತೆ. ಫೋನ್ ಅವನ ಜೊತೆ ಡ್ಯೂಟಿಗೆ ಹೋಗತ್ತೆ. ನೀರು ಬರೋದು ಬೆಳಿಗ್ಗೆ ಒಂದು ಹೊತ್ತು, ಅದೂ ಆರು ಮನೆಯೋರ ಬಿಂದಿಗೆ ಸಾಲಲ್ಲಿ. ಟಾಯ್ಲೆಟ್ ಆರು ಮನೆಗೆ ಒಂದೋ ಎರಡೋ ಇರತ್ತೆ, ಅದಕ್ಕೆ ಹಗಲೊತ್ತು ನೀರೇ ಕುಡಿಯಲ್ಲ ಅನ್ನೋ ಬಾಣಂತೀರನ್ನ ನಾನು ನೋಡಿದೀನಿ, ಹಾಲು ಕಮ್ಮಿ ಆಯ್ತು ಅಂತ ಬರ್ತಾರೆ, ಕೇಳ್ತಾ ಹೋದ್ರೆ ಕಥೆ ಇದು.

ಬಾರ್ಸಿಲೋನಾದಲ್ಲಿ ಜೋಸೆಬಾ ಅಚೋತೆಗಿ ಅಂತ ಒಬ್ಬರು ಮನೋವೈದ್ಯರು, 2002ರಲ್ಲಿ ಊರು ಬಿಟ್ಟೋರ ಈ ಸಂಕಟಕ್ಕೆ ಯುಲಿಸಿಸ್ ಸಿಂಡ್ರೋಮ್ ಅಂತ ಹೆಸರಿಟ್ರು, ಯುಲಿಸಿಸ್ ಅಂದ್ರೆ ಹಳೇ ಗ್ರೀಕ್ ಕಥೇಲಿ ಊರು ಸೇರೋಕಾಗ್ದೆ ವರ್ಷಗಟ್ಟಲೆ ಅಲೆದ ವೀರ. ಊರು ಬಿಟ್ಟೋರಿಗೆ ಏಳು ಥರದ ದುಃಖ ಇರತ್ತೆ ಅಂತಾರೆ ಅವರು: ಮನೆಯವರು, ಭಾಷೆ, ಆಚಾರ ವಿಚಾರ, ನೆಲ, ಇದ್ದ ಮರ್ಯಾದೆ, ತಮ್ಮ ಜನ, ಆಮೇಲೆ ಮೈಗೆ ಏನಾಗತ್ತೋ ಅನ್ನೋ ಭಯ. ಅವರು ನೋಡಿದ್ದು ಸಮುದ್ರ ದಾಟಿ ಯೂರೋಪಿಗೆ ಬಂದೋರನ್ನ. ಅದು ಹುಚ್ಚಲ್ಲ, ಹೊರೋಕಾಗ್ದೆ ಇರೋಷ್ಟು ಭಾರ ಅಂತ ಅವರ ವಾದ. ನಮ್ಮ ಹುಡುಗಿ ಬಂದಿರೋದು ಅದೇ ರಾಜ್ಯದ ಇನ್ನೊಂದು ಜಿಲ್ಲೆಯಿಂದ, ಏಳರಲ್ಲಿ ಎಷ್ಟು ಇರತ್ತೆ ಬಿಡಿ ಅನ್ಸಬಹುದು. ಭಾಷೆ ಒಂದನ್ನೇ ತಗೊಳ್ಳಿ. ನಮ್ ಕೋಲಾರದಲ್ಲಿ ಮದನಪಲ್ಲಿಯಿಂದ, ಕುಪ್ಪಂ ಕಡೆಯಿಂದ ಬಂದ ಸೊಸೆಗೆ ಭಾಷೆ ತೊಂದ್ರೇನೇ ಇಲ್ಲ, ಮನೇಲೂ ಅಂಗಡೀಲೂ ತೆಲುಗು ನಡ್ಯತ್ತೆ. ಕನ್ನಡದೋಳಾಗಿ ಯಾದಗಿರಿಯಿಂದ ಬಂದೋಳಿಗೇ ಕಷ್ಟ! ಅಂಗಡೀಲಿ ಬಾಯಿ ಬಿಟ್ರೆ ನಗ್ತಾರೆ. ಒಬ್ಬಳು ಹುಡುಗಿ ನನ್ನ ಹತ್ರ ಬಂದು ಹತ್ತು ನಿಮಿಷ ಮಾತೇ ಆಡ್ಲಿಲ್ಲ. ಕೊನೆಗೆ ಅಂದಿದ್ದು, "ನಾ ಮಾತಾಡಿದ್ರ ನಗ್ತಾರ್ರಿ ಮೇಡಂ, ಅದಕ್ಕ ಮಾತಾಡದೇ ಬಿಟ್ಟೀನ್ರಿ" ಅಂತ. ಅವಳಿಗೆ ಗಂಟಲಲ್ಲಿ ಏನೋ ಸಿಕ್ಕಾಕೊಂಡಂಗೆ ಆಗತ್ತೆ ಅಂತ ಮೂರು ಕಡೆ ತೋರಿಸಿ, ಎಂಡೋಸ್ಕೋಪಿ ಮಾಡ್ಸಿ, ಎಲ್ಲಾ ನಾರ್ಮಲ್ ಅಂತ ಫೈಲ್ ಹಿಡ್ಕೊಂಡು ಬಂದಿದ್ಲು.

ಹೆಂಗಸರ ದುಃಖ ಹಿಂಗೇ ಮೈಮೇಲೆ ಬಂದು ಮಾತಾಡೋದು. ತಲೆನೋವು, ಸೊಂಟನೋವು, ಬಿಳಿಸೆರಗು, ಕೈಕಾಲು ಸೆಳೆತ. "ಬೇಜಾರು" ಅಂದ್ರೆ ಯಾರು ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ? ತಲೆನೋವು ಅಂದ್ರೆ ಕೊನೇಪಕ್ಷ ಒಂದು ಮಾತ್ರೆ ಸಿಗತ್ತೆ. ನಾಟಕ ಅಂತ ಅಂದ್ಕೋಬೇಡಿ, ನೋವು ನಿಜವಾಗ್ಲೂ ಇರತ್ತೆ.

ಈಗ ನೀವು ಬೇಜಾರು ಮಾಡ್ಕೋಬಾರ್ದು, ನಿಮ್ಮ ವಿಷಯಕ್ಕೆ ಬರ್ತೀನಿ. ನೀವೂ ವಲಸೆ ಬಂದೋರೇ ಅಕ್ಕಾ. 2011ರ ಜನಗಣತೀಲಿ ಹುಟ್ಟಿದೂರೋ ಮೊದಲಿದ್ದ ಊರೋ ಬಿಟ್ಟು ಬೇರೆ ಕಡೆ ಇರೋರು 45 ಕೋಟಿಗೂ ಮೇಲೆ ಇದ್ರು, ಅದ್ರಲ್ಲಿ ಜಾಸ್ತಿ ಹೆಂಗಸರು, ಅವರಲ್ಲಿ ಬಹುಪಾಲು ಜನಕ್ಕೆ ಕಾರಣ ಮದುವೆ. ವಲಸೆ ಅಂದ್ರೆ ನಮ್ ಕಣ್ಣಿಗೆ ಬರೋದು ಬ್ಯಾಗ್ ಹಾಕ್ಕೊಂಡು ರೈಲು ಇಳಿಯೋ ಗಂಡಸು, ಆದ್ರೆ ಈ ದೇಶದಲ್ಲಿ ಅತಿ ಹೆಚ್ಚು ಊರು ಬದಲಾಯಿಸೋದು ಮದುಮಗಳು, ಅವಳನ್ನ ಯಾರೂ ವಲಸಿಗಳು ಅನ್ನಲ್ಲ. ನನಗೇನೂ ಆಗ್ಲಿಲ್ಲ ಅಂತೀರ, ಸರಿ. ನಿಮ್ಮ ತವರು ಒಂದು ಗಂಟೆ ಬಸ್ಸಿನ ದಾರಿ. ಮೊದಲನೇ ಹೆರಿಗೆಗೆ ಎಲ್ಲಿಗೆ ಹೋಗಿದ್ರಿ? ಚಿಂತಾಮಣಿಗೇ ತಾನೇ? ಎಷ್ಟು ತಿಂಗಳು ಇದ್ರಿ, ಮೂರಾ ಐದಾ? ಎಣ್ಣೆ ನೀರು ಹಾಕಿದ್ಯಾರು, ಕಿವಿಗೆ ಹತ್ತಿ ಇಟ್ಟು ಸಾಂಬ್ರಾಣಿ ಹೊಗೆ ಕೊಟ್ಟಿದ್ಯಾರು, ರಾತ್ರಿ ಎರಡು ಗಂಟೆಗೆ ಮಗು ಕಿರುಚಿದಾಗ "ನೀ ಮಲ್ಕೋ ನಾ ನೋಡ್ಕೊಂತೀನಿ" ಅಂದಿದ್ಯಾರು? ಬಾಣಂತನದಲ್ಲಿ ಮೆಣಸು ಸಾರು, ಲೇಹ, ಪಥ್ಯ ಇವೆಲ್ಲ ಇರ್ಲಿ, ಅದ್ರಲ್ಲಿ ನಿಜವಾದ ಔಷಧಿ ಯಾವುದು ಅಂತ ನನ್ನ ಕೇಳಿದ್ರೆ ಆ "ನೀ ಮಲ್ಕೋ" ಅನ್ನೋ ಮಾತೇ. ನಿದ್ದೆ ಅಕ್ಕಾ. ಹೆರಿಗೆ ಆದೋಳಿಗೆ ತಲೆ ಸರಿಯಾಗಿ ಇರ್ಬೇಕು ಅಂದ್ರೆ ಒಟ್ಟಿಗೆ ನಾಲ್ಕೈದು ಗಂಟೆ ನಿದ್ದೆ ಬೇಕು, ಅದು ಸಿಗೋದು ಇನ್ನೊಂದು ಜೊತೆ ಕೈ ಇದ್ರೆ ಮಾತ್ರ.

ಅವಳಿಗೆ ಆ ಕೈ ಹನ್ನೆರಡು ದಿನ ಇತ್ತು.

ನಿಮ್ಮನ್ನ ಬಯ್ಯೋಕೆ ಹೇಳ್ತಿಲ್ಲ. ನೀವೇ ಬರ್ದಿದೀರ, ಅದು ನಿಮ್ಮ ಮನಸ್ಸಲ್ಲಿ ಕೊರೀತಿದೆ ಅಂತ ಗೊತ್ತಾಗತ್ತೆ. ಬೋರ್‌ವೆಲ್ ಒಣಗಿ ಟ್ಯಾಂಕರ್ ಹಾಕ್ಸೋ ಕಷ್ಟ ಕೋಲಾರದೋರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಸಾಮಾಜಿಕ ಪರಿಸ್ಥಿತಿ ಅಂತ ನಾವು ದೊಡ್ಡದಾಗಿ ಭಾಷಣದಲ್ಲಿ ಹೇಳ್ತೀವಲ್ಲ, ಅದು ಎಲ್ಲೋ ಮೇಲೆ ಇರೋದಲ್ಲ, ನೆಂಟರು ಬಂದ್ರೆ ಎಷ್ಟು ಬಿಂದಿಗೆ ನೀರು ಅನ್ನೋದೂ ಅದೇನೇ.

ಎರಡನೇದೂ ಹೆಣ್ಣು ಅನ್ನೋದೂ ಬಿಡೋ ವಿಷಯ ಅಲ್ಲ. ಗೋವಾದಲ್ಲಿ ತಾಯಂದಿರ ಮೇಲೆ ಒಂದು ಸ್ಟಡಿ ಮಾಡಿದ್ರು, 2002ರಲ್ಲಿ ಬಂತು, ಹೆರಿಗೆ ಆಗಿ ಆರೆಂಟು ವಾರದಲ್ಲಿ ನೂರರಲ್ಲಿ 23 ಜನಕ್ಕೆ ಖಿನ್ನತೆ ಇತ್ತು. ಬಡತನ, ಗಂಡನ ಹೊಡೆತ, ಗಂಡು ಬೇಕಾಗಿದ್ದಾಗ ಹೆಣ್ಣಾಗಿದ್ದು, ಇವು ಇದ್ದ ಕಡೆ ಜಾಸ್ತಿ. ಗಂಡು ಬೇಕು ಅಂದಿದ್ದು ಯಾರು, ಫೋನಲ್ಲಿ ಅತ್ತೆ ಏನಂತಾರೆ, ಇದನ್ನ ಅವಳನ್ನ ಒಂಟಿಯಾಗಿದ್ದಾಗ ಕೇಳಿ, ಗಂಡನ ಮುಂದೆ ಕೇಳಿದ್ರೆ "ಏನಿಲ್ಲ" ಅಂತಾಳೆ. ಹೊಡೀತಾನಾ ಅನ್ನೋದೂ ಹಂಗೇ ಕೇಳ್ಬೇಕು. ಹೌದು ಅಂದ್ರೆ 181 ಮಹಿಳಾ ಸಹಾಯವಾಣಿ ಇದೆ, ಆದ್ರೆ ಅವಳನ್ನ ಕೇಳ್ದೆ ನೀವೇ ಫೋನ್ ಮಾಡೋಕೆ ಹೋಗ್ಬೇಡಿ, ಪ್ರಾಣಕ್ಕೆ ಅಪಾಯ ಇದ್ರೆ ಮಾತ್ರ ಕಾಯ್ಬೇಡಿ, 112.

ಊರು ಬಿಟ್ರೆ ಹೆಂಗಸರಿಗೆಲ್ಲ ಕೆಟ್ಟದ್ದೇ ಅಂತ ತಿಳ್ಕೋಬೇಡಿ ಮತ್ತೆ. ನರಸಾಪುರ ಕಡೆ ಹಾಸ್ಟೆಲ್ಲು ಪೀಜಿಗಳಲ್ಲಿ ಇದ್ಕೊಂಡು ಫ್ಯಾಕ್ಟರಿಗೆ ಹೋಗೋ ಹುಡುಗೀರಲ್ಲಿ ಎಷ್ಟೋ ಜನ ಊರಲ್ಲಿದ್ದಾಗಿಗಿಂತ ಚೆನ್ನಾಗಿದಾರೆ. ಹದಿನೆಂಟಕ್ಕೆ ಮದುವೆ ಮಾಡ್ತಿದ್ರು ಮೇಡಂ, ತಪ್ಪಿಸ್ಕೊಂಡು ಬಂದೆ ಅಂತ ನಕ್ಕೊಂಡು ಹೇಳಿದೋಳು ಒಬ್ಬಳಿದಾಳೆ, ಸ್ವಂತ ಅಕೌಂಟು, ಸ್ವಂತ ಫೋನು, ಭಾನುವಾರ ಕೋಲಾರಮ್ಮನ ದೇವಸ್ಥಾನ, ಆಮೇಲೆ ಗೋಬಿ. ಅದೇ ಹಾಸ್ಟೆಲಿನ ಇನ್ನೊಬ್ಬಳಿಗೆ ಡ್ಯೂಟೀಲಿ ಪದೇಪದೇ ತಲೆ ಸುತ್ತಿ ಬೀಳೋದು, ದೆವ್ವ ಮೆಟ್ಕೊಂಡಿದೆ ಅಂತ ಜೊತೆಯೋರು ಹೆದರ್ಕೊಂಡಿದ್ರು. ಕೇಳಿದ್ರೆ, ಎಟಿಎಂ ಕಾರ್ಡ್ ಊರಲ್ಲಿ ಅಪ್ಪನ ಹತ್ರ, ಲೈನಲ್ಲಿ ಸೂಪರ್‌ವೈಸರ್ ಒಬ್ಬ ಕಾಟ ಕೊಡ್ತಿದ್ದ, ಮನೇಗೆ ಹೇಳಿದ್ರೆ ವಾಪಸ್ ಕರ್ಸಿ ಮದುವೆ ಮಾಡ್ತಾರೆ ಅಂತ ಬಾಯಿ ಮುಚ್ಕೊಂಡಿದ್ಲು. ಇಬ್ಬರದ್ದೂ ಒಂದೇ ಶಿಫ್ಟು, ಒಂದೇ ಸಂಬಳ. ದುಡ್ಡು ಯಾರ ಕೈಲಿದೆ, ಬೇಡ ಅನ್ನೋ ಹಕ್ಕು ಯಾರಿಗಿದೆ, ನಾನು ಮೊದಲು ನೋಡೋದು ಅದನ್ನೇ. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಕ್ಕಿರೋ ಕಡೆ ಇಂಥ ದೂರು ಕೇಳೋಕೆ ಒಂದು ಕಮಿಟಿ ಇರ್ಲೇಬೇಕು ಅಂತ 2013ರಿಂದ ಕಾನೂನು ಇದೆ, ಆ ಹುಡುಗಿಗೆ ಅದು ಗೊತ್ತೇ ಇರ್ಲಿಲ್ಲ.

ಜಾಗ ಬದಲಾಯಿಸಿದ್ದಕ್ಕಿಂತ ಬಂದ ಜಾಗ ಹೆಂಗೆ ನಡೆಸ್ಕೊಂತು ಅನ್ನೋದು ದೊಡ್ಡದು ಅನ್ನೋಕೆ ಇನ್ನೊಂದು ಹಳೇ ಕಥೆ ಇದೆ. ಅಮೆರಿಕಾದ ಮಿನೆಸೋಟಾಗೆ ಹೋದ ನಾರ್ವೆಯೋರಲ್ಲಿ ಸ್ಕಿಜೋಫ್ರೇನಿಯಾ, ಅಂದ್ರೆ ಇಲ್ದಿರೋ ದನಿ ಕೇಳ್ಸೋ, ಇಲ್ದಿರೋ ಅನುಮಾನ ಕಾಡೋ ದೊಡ್ಡ ಮಾನಸಿಕ ಖಾಯಿಲೆ, ಊರಲ್ಲೇ ಉಳಿದೋರಿಗಿಂತ ಎರಡು ಪಟ್ಟು ಅಂತ ಓಡೆಗಾರ್ಡ್ ಅನ್ನೋ ಡಾಕ್ಟ್ರು 1932ರಲ್ಲೇ ಬರೆದ್ರು. ಅವರ ತೀರ್ಮಾನ ಏನಂದ್ರೆ, ಮೊದ್ಲೇ ಮನಸ್ಸು ನೆಟ್ಟಗಿಲ್ದಿರೋರೇ ಊರು ಬಿಡ್ತಾರೆ ಅಂತ. ನಿಮ್ಮ "ಮನಸ್ಸು ವೀಕಾ" ಅನ್ನೋ ಪ್ರಶ್ನೆನೇ ಇದು. 2005ರಲ್ಲಿ ಬೇರೆ ಬೇರೆ ದೇಶದ ಸ್ಟಡಿಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ವಲಸೆ ಬಂದೋರಿಗೆ ಈ ಖಾಯಿಲೆ ಅಪಾಯ 2.7 ಪಟ್ಟು, ಅವರಿಗೆ ಆ ದೇಶದಲ್ಲೇ ಹುಟ್ಟಿದ ಮಕ್ಕಳಿಗೆ 4.5 ಪಟ್ಟು ಬಂತು. ಮಕ್ಕಳು ಎಲ್ಲೂ ಹೋಗೇ ಇಲ್ಲ, ಅವರಿಗ್ಯಾಕೆ ಇನ್ನೂ ಜಾಸ್ತಿ? ನೆದರ್‌ಲ್ಯಾಂಡಿನ ಹೇಗ್ ಪಟ್ಟಣದಲ್ಲಿ ತಮ್ಮವರು ಜಾಸ್ತಿ ಇರೋ ಏರಿಯಾದಲ್ಲಿ ಇದ್ದ ವಲಸಿಗರಿಗೆ ಅಪಾಯ ಕಮ್ಮಿ ಇತ್ತು. ಅದು ಬೇರೆ ಖಾಯಿಲೆ, ಬೇರೆ ದೇಶ, ನಿಮ್ಮ ಬಾಡಿಗೆಯೋಳಿಗೆ ಹಾಗೇ ಅಂಟಿಸ್ಬೇಡಿ. ಆದ್ರೂ ನಿಮ್ಮ ಆರು ಮನೇಲಿ ಇನ್ನೊಂದು ಮನೆಗೆ ಯಾದಗಿರಿನೋ ರಾಯಚೂರೋ ಕಡೆಯ ಸಂಸಾರ ಬಂದ್ರೆ ಬೇಡ ಅನ್ಬೇಡಿ, ನಾನೊಬ್ಬ ಡಾಕ್ಟ್ರಾಗಿ ಹೇಳ್ತಿದೀನಿ.

ಗಂಡನ ವಿಷಯ. ಕಾಂಟ್ರಾಕ್ಟ್ ಕೆಲಸ, ಇವತ್ತು ಇದೆ, ಮುಂದಿನ ತಿಂಗಳು ಗೊತ್ತಿಲ್ಲ. ಊರಿಗೆ ದುಡ್ಡು ಕಳಿಸ್ಬೇಕು, ಇಲ್ಲಿ ಬಾಡಿಗೆ, ಎರಡು ಹೆಣ್ಮಕ್ಳು, ಹೆಂಡ್ತಿ ಹಿಂಗೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ್ಮೇಲೆ ಅಲ್ಲಿನ ಗಂಡಸರಲ್ಲಿ ಏನಾಯ್ತು ಅಂತ ಈ ಜಿಲ್ಲೆಯೋರಿಗೆ ಗೊತ್ತು, ಬೆಳಿಗ್ಗೆ ಕತ್ತಲೇಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರೋರು, ಮನೇಲಿದ್ದೂ ವಲಸಿಗರೇ, ಮಕ್ಕಳು ಎದ್ದಿರೋದು ನೋಡೋದು ಭಾನುವಾರ ಮಾತ್ರ. ಸಂಪಾದನೆನೇ ಗಂಡಸುತನ ಅಂತ ಕಲ್ಸಿರ್ತೀವಿ, ಅದು ಅಲ್ಲಾಡಿದಾಗ ಅಳೋಕೆ ಬಿಡಲ್ಲ, ಇನ್ನೇನ್ ಮಾಡ್ತಾನೆ ಬಾರ್‌ಗೆ ಹೋಗ್ತಾನೆ. ನಿಮ್ಮನೆಯವರೇ ಒಂದು ಸಂಜೆ ಅವನು ಕುಡಿಯೋಕೆ ಮುಂಚೆ ಕೂರಿಸ್ಕೊಂಡು ಮಾತಾಡ್ಲಿ. "ನಿನ್ ಹೆಂಡ್ತಿಗೆ ಹುಚ್ಚು" ಅಂತ ಶುರು ಮಾಡಿದ್ರೆ ಎದ್ದು ಹೋಗ್ತಾನೆ. "ಹೆರಿಗೆ ಆದ್ಮೇಲೆ ಬರೋ ಖಾಯಿಲೆ, ಮಾತ್ರೆಗೆ ವಾಸಿ ಆಗತ್ತೆ, ನೀನೂ ಸರಿ ನಿದ್ದೆ ಮಾಡ್ತಿಲ್ಲ ಅನ್ಸತ್ತೆ" ಅಂದ್ರೆ ಕೂತ್ಕೊಂತಾನೆ. ರಾತ್ರಿ ಒಂದು ಹೊತ್ತು ಮಗು ಅವನು ನೋಡ್ಕೊಳ್ಳೋಕೆ ಒಪ್ಪಿಸಿದ್ರೆ ಅರ್ಧ ಟ್ರೀಟ್‌ಮೆಂಟ್ ಅಲ್ಲೇ ಆಯ್ತು.

ಸರ್ಕಾರದ್ದು ಏನೇನಿದೆ, ಅದು ಅವಳ ಕೈಗೆ ಯಾಕೆ ಸಿಗ್ತಿಲ್ಲ ಅಂತಾನೂ ನೋಡಿ. ಗೃಹಲಕ್ಷ್ಮಿ 2000 ರೂಪಾಯಿ ರೇಷನ್ ಕಾರ್ಡಲ್ಲಿ ಯಜಮಾನಿ ಅಂತ ಇರೋರಿಗೆ ಹೋಗತ್ತೆ, ಕಾರ್ಡ್ ಇನ್ನೂ ಊರಲ್ಲಿ ಅತ್ತೆ ಹೆಸರಲ್ಲಿದ್ರೆ ದುಡ್ಡು ಅಲ್ಲಿಗೇ. ಕಾರ್ಡ್ ಊರದ್ದಾದ್ರೂ ಅಕ್ಕಿ ಇಲ್ಲೇ ತಗೋಬಹುದು, ನ್ಯಾಯಬೆಲೆ ಅಂಗಡೀಲಿ ಹೆಬ್ಬೆಟ್ಟು ಕೊಟ್ರೆ ಆಯ್ತು. 2023ರಿಂದ ಬಸ್ ಫ್ರೀ ಇದೆ, ಆಧಾರ್ ತೋರಿಸಿದ್ರೆ ಯಾದಗಿರಿವರೆಗೂ ಸಾದಾ ಬಸ್ಸಲ್ಲಿ ಒಂದು ರೂಪಾಯಿ ಇಲ್ದೆ ಹೋಗ್ಬಹುದು, ಆದ್ರೂ ಎರಡು ವರ್ಷದಲ್ಲಿ ಅವಳು ಎಷ್ಟು ಸಲ ಹೋಗಿದಾಳೆ ಕೇಳಿ ನೋಡಿ. ಟಿಕೆಟ್ ಫ್ರೀ, ಆದ್ರೆ ಹೋಗು ಅನ್ನೋರು ಬೇಕಲ್ಲ. ಅಂಗನವಾಡೀಲಿ ಬಾಣಂತಿಗೆ ಆರು ತಿಂಗಳವರೆಗೆ ಮಧ್ಯಾಹ್ನದ ಊಟ, ಮಾತೃಪೂರ್ಣ ಅಂತ, ಇನ್ನೊಂದು ತಿಂಗಳು ಬಾಕಿ ಇದೆ, ಊಟಕ್ಕಿಂತ ದಿನಾ ಹೊರಗೆ ನಾಲ್ಕು ಹೆಜ್ಜೆ ನಡೆದು ನಾಲ್ಕು ಜನರ ಮುಖ ನೋಡೋದು ಮುಖ್ಯ. ಆಶಾ ಕಾರ್ಯಕರ್ತೆ ನಿಮಗೆ ಗೊತ್ತಿರೋರೇ ಇರ್ತಾರೆ, ಹೇಳಿ. ಅವನ ಸಂಬಳದಲ್ಲಿ ಇಎಸ್‌ಐ, ಅಂದ್ರೆ ಕೆಲಸದೋರ ಆರೋಗ್ಯ ವಿಮೆ, ಕಟ್ ಆಗ್ತಿದ್ರೆ, 21,000 ಒಳಗಿನ ಸಂಬಳಕ್ಕೆ ಆಗ್ಲೇಬೇಕು, ಹೆಂಡ್ತಿ ಮಕ್ಕಳಿಗೂ ಅದ್ರಲ್ಲೇ ಚಿಕಿತ್ಸೆ ಸಿಗತ್ತೆ. ಪೇ ಸ್ಲಿಪ್ ನೋಡಿ ಅಂತ ಹೇಳಿ, ಎಷ್ಟೋ ಹುಡುಗರು ಅದನ್ನ ತೆಗೆದೂ ನೋಡಿರಲ್ಲ.

ಮಾತ್ರೆ ಅಂದ್ರೆ ಹೆದರ್ತಾರೆ, ಹಾಲು ಕುಡಿಸೋಳಲ್ವಾ ಅಂತ. ಹಾಲು ಕುಡಿಸ್ತಾನೇ ತಗೋಬಹುದಾದ ಖಿನ್ನತೆ ಮಾತ್ರೆಗಳು ಇದಾವೆ, ಡಾಕ್ಟ್ರು ನೋಡಿ ಬರೀತಾರೆ. ಎರಡು ಮೂರು ವಾರ ಏನೂ ಗೊತ್ತಾಗಲ್ಲ, ಆಮೇಲೆ ನಿಧಾನಕ್ಕೆ ಅಡುಗೆ ಕಡೆ ಕೈ ಹೋಗತ್ತೆ, ಮಗು ಮುಖ ನೋಡ್ತಾಳೆ. ಗೆಲುವಾದ್ಲು ಅಂತ ತಾವೇ ನಿಲ್ಲಿಸೋದು ಬೇಡ, ಕೆಲವು ತಿಂಗಳು ತಗೋಬೇಕಾಗತ್ತೆ. ತಾಯತ ಕಟ್ಕೊಂಡಿದ್ರೆ ಇರ್ಲಿ ಬಿಡಿ, ಬಿಚ್ಚು ಅಂತ ಜಗಳ ಬೇಡ, ಮಾತ್ರೆ ಜೊತೆಗೆ ಅದೂ ಇರತ್ತೆ.

ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ನಿಮಗೆ ಕೋಲಾರವೇ ಹತ್ರ, ಎಸ್.ಎನ್.ಆರ್‌.ಗೇ ಬನ್ನಿ. ತಾಯಿ ಕಾರ್ಡು, ಆಧಾರು, ಕ್ಲಿನಿಕ್ಕಲ್ಲಿ ಕೊಟ್ಟ ಮಾತ್ರೆ ಸ್ಟ್ರಿಪ್ ಖಾಲಿ ಆಗಿದ್ರೂ ತನ್ನಿ. ಹತ್ತು ಗಂಟೆ ಒಳಗೆ ಚೀಟಿ ಮಾಡಿಸ್ಬಿಡಿ, ಆಮೇಲೆ ಕ್ಯೂ ಬೆಳ್ಯತ್ತೆ. ಒಳಗೆ ಅವಳ ಪರವಾಗಿ ನೀವು ಮಾತಾಡ್ಬೇಡಿ, ಅವಳ ಕನ್ನಡ ನಮಗೆ ಅರ್ಥ ಆಗತ್ತೆ.

ಅದಕ್ಕೂ ಮುಂಚೆ ಇವತ್ತೇ ಒಂದು ಕೆಲಸ. ನಿಮ್ಮ ಫೋನಿಂದ ಅವಳಮ್ಮನಿಗೆ ಫೋನ್ ಮಾಡ್ಸಿ, ಅವಳು ಮಾತಾಡಿದ್ಮೇಲೆ ನೀವು ಇಸ್ಕೊಂಡು, "ನೀರಿನ ಮಾತು ಮನಸ್ಸಲ್ಲಿ ಇಟ್ಕೋಬೇಡಿ, ಬನ್ನಿ, ಎರಡು ತಿಂಗಳು ಇರಿ" ಅನ್ನಿ. ಅವರಿಗೆ ನಿಮ್ಮ ಕನ್ನಡ ಸ್ವಲ್ಪ ತಡವಾಗಿ ಅರ್ಥ ಆಗ್ಬಹುದು, ಎರಡು ಸಲ ಹೇಳಿ.